ಮಡ್‌ಗಾರ್ಡ್ ಕಿತ್ತವರ ಜಾತ್ರೆ

ಮೋಟಾರ್ ಸೈಕಲಿನಲ್ಲಿ ಉಪಯೋಗಕ್ಕೆ ಬರುವ ಭಾಗಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿ, ಉಳಿದದ್ದಕ್ಕೆ ಹೊಸ ಬೈಕಿನ ಎರಡು ಪಟ್ಟು ದುಡ್ಡು ಸುರಿದರೆ ಅದಕ್ಕೆ ಕಸ್ಟಮ್ ಬೈಕ್ ಎಂದು ಹೆಸರು. ಅದೇ ಬೈಕಿಗೆ ಉಪಯೋಗದ ಸಾಮಾನುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಅದಕ್ಕೆ ಹೆಸರೂ ಇಲ್ಲ, ಬಹುಮಾನವೂ ಇಲ್ಲ. ಕೋಡಿಂಬಾಳದಲ್ಲಿ ನಾವು ಅದನ್ನು ಗೌಡ್ರ ಎಕ್ಸೆಲ್ ಎನ್ನುತ್ತೇವೆ.

ಗೌಡ್ರ ಟಿವಿಎಸ್ ಎಕ್ಸೆಲ್ ಹೊಸದರಲ್ಲಿ ಹೇಗಿತ್ತೆಂದು ಅದನ್ನು ಮಾಡಿದ ಕಂಪೆನಿಗೂ ಈಗ ಗುರುತು ಸಿಗಲಿಕ್ಕಿಲ್ಲ. ಮುಂದೆ ಕಾಲಿಡುವ ಜಾಗದಲ್ಲಿ ಡೈರಿಗೆ ಹೋಗುವ ಹಾಲಿನ ಕ್ಯಾನು ಅಲ್ಲಾಡದೆ ಕೂರಲಿಕ್ಕೆ ಕಬ್ಬಿಣದ ಬಳೆ. ಹಿಂದಿನ ಸೀಟು ಎಂದೋ ಅಟ್ಟ ಸೇರಿದೆ. ಅಲ್ಲೀಗ ಎರಡು ಗೋಣಿ ಅಡಿಕೆ ಹೊರುವ ಕ್ಯಾರಿಯರ್, ಕಡಬ ಪೇಟೆಯ ವೆಲ್ಡಿಂಗ್ ಶಾಪಿನ ಕೈಕೆಲಸ. ಎಡಗಡೆಯ ಕೊಕ್ಕೆ ಮದ್ದು ಬಿಡುವ ಪೈಪಿನ ಸುರುಳಿಗೆ, ಬಲಗಡೆಯದ್ದು ಕತ್ತಿಗೆ. ಹಿಂಚಕ್ರದ ಕೆಸರು ಬೆನ್ನಿಗೆ ಹಾರದ ಹಾಗೆ ಜೀಪಿನ ಹಳೇ ಟ್ಯೂಬಿನ ತುಂಡು. ಸೀಟಿಗೆ ಗೊಬ್ಬರದ ಚೀಲದ ಕವರು. ಇಷ್ಟನ್ನೇ ದೊಡ್ಡ ಪಟ್ಟಣದಲ್ಲಿ ಗಡ್ಡ ಬಿಟ್ಟವರೊಬ್ಬರು ಮಾಡಿದ್ದರೆ ಕಪ್ಪು ಪರದೆಯ ಎದುರು ನಿಲ್ಲಿಸಿ ಫೋಟೊ ತೆಗೆದು, ಅದಕ್ಕೊಂದು ಗ್ರೀಕ್ ದೇವತೆಯ ಹೆಸರಿಡುತ್ತಿದ್ದರು. ಗೌಡ್ರು ಮಾಡಿಸಿದ ಕಾರಣ ಊರವರು, “ಎಂತ ಅವಸ್ಥೆ ಮಾರಾಯ್ರೆ ನಿಮ್ಮ ಎಕ್ಸೆಲಿದ್ದು!” ಎನ್ನುತ್ತಾರೆ.

ನಮ್ಮೂರಿಗೂ ಈಗ ಒಂದು ರೈಡಿಂಗ್ ಕ್ಲಬ್ ಉಂಟು, ನಾನೂ ಅದರ ಸದಸ್ಯ. ಹೆಸರು ಇಂಗ್ಲಿಷಿನಲ್ಲಿದೆ, ಹೆಸರಿನೊಳಗೆ ಒಂದು ಕಾಡುಪ್ರಾಣಿ ಇದೆ. ರೈಡಿಂಗ್ ಕ್ಲಬ್ಬಿಗೆ ಅಷ್ಟು ಸಾಕು. ಅಧ್ಯಕ್ಷರು ರಬ್ಬರ್ ತೋಟದವರು. ಅವರ ಬೈಕಿನ ಎರಡೂ ಪಕ್ಕ ಪೆಟ್ರೋಲಿನ ಜೆರ್ರಿಕ್ಯಾನು, ಅಲ್ಯೂಮಿನಿಯಮ್ ಪೆಟ್ಟಿಗೆ, ಮಂಜು ಸೀಳುವ ಹಳದಿ ದೀಪ. ಲಡಾಖಿನ ಖಾರ್ದುಂಗ್ಲಾ ದಾಟಲಿಕ್ಕೆ ಬೇಕಾದ ಸಕಲ ಸಿದ್ಧತೆಯೊಂದಿಗೆ ಅವರು ದಿನಾ ಕಡಬಕ್ಕೆ ಹೋಗಿ ಬಂಗುಡೆ ತರುತ್ತಾರೆ. ಮೊಣಕೈಗೆ ಗಾರ್ಡು, ಮೊಣಕಾಲಿಗೆ ಗಾರ್ಡು, ಬೆನ್ನಿಗೆ ಪ್ಲೇಟು. ಏಪ್ರಿಲ್ ತಿಂಗಳ ನಮ್ಮ ಸೆಕೆಗೆ ಆ ಜಾಕೀಟಿನೊಳಗೆ ಮನುಷ್ಯ ಬೇಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ಯಾರೂ ಅಳೆದಿಲ್ಲ. ಹೆಗಲಿಗೆ ನೀರಿನ ಚೀಲ, ಅದರಿಂದ ಬಾಯಿಗೆ ಒಂದು ನಳಿಗೆ. ಕುಮಾರಧಾರೆ ಹರಿಯುವ ಸೀಮೆಯಲ್ಲಿ, ಮನೆಮನೆಯ ಅಂಗಳದಲ್ಲಿ ಬಾವಿ ಇರುವ ಕಡೆ, ದಾರಿಯಲ್ಲಿ ನೀರು ಸಿಗದೆ ಹೋದರೆ ಎಂಬ ಅವರ ಮುಂಜಾಗ್ರತೆಯನ್ನು ಮೆಚ್ಚಲೇಬೇಕು.

ಕ್ಲಬ್ಬಿನ ಮುಖ್ಯ ಚಟುವಟಿಕೆ ಆಫ್‌ರೋಡಿಂಗ್. ಅಂದರೆ ಭಾನುವಾರ ಬೆಳಿಗ್ಗೆ ಯಾರದೋ ಗುಡ್ಡೆಯ ಮಣ್ಣುದಾರಿಯಲ್ಲಿ ಬೈಕು ಹತ್ತಿಸುವುದು, ಬೀಳುವುದು, ಎಬ್ಬಿಸುವುದು, ಹೆಲ್ಮೆಟ್ಟಿನ ಗಲ್ಲಕ್ಕೆ ಕಟ್ಟಿದ ಕ್ಯಾಮರಾದಲ್ಲಿ ಅದನ್ನು ಚಿತ್ರೀಕರಿಸುವುದು. ಒಮ್ಮೆ ಹೀಗೆ ನಾವೆಲ್ಲ ಒಂದು ಏರಿನ ಬುಡದಲ್ಲಿ ನಿಂತು, ಯಾವ ಗೇರಿನಲ್ಲಿ ಹೊಡೆಯಬೇಕು, ಟಯರಿನ ಗಾಳಿ ಎಷ್ಟು ಇಳಿಸಬೇಕೆಂದು ಚರ್ಚಿಸುತ್ತಿದ್ದಾಗ ಹಿಂದಿನಿಂದ ಗೌಡ್ರು ಹಾಲಿನ ಕ್ಯಾನಿನ ಸಮೇತ ಎಕ್ಸೆಲಿನಲ್ಲಿ ಬಂದರು. “ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೆ” ಎಂದು ಏರು ಹತ್ತಿಹೋದರು. ಅದು ಅವರ ಮನೆಗೆ ಹೋಗುವ ದಾರಿ. ವಿಡಿಯೊ ಹಾಕುವಾಗ ಅಧ್ಯಕ್ಷರು ಆ ಭಾಗವನ್ನು ಕತ್ತರಿಸಿದರು.

ಇಂತಹ ಕ್ಲಬ್ಬಿಗೆ ಒಂದಲ್ಲ ಒಂದು ದಿನ ಬೈಕ್ ಪ್ರದರ್ಶನಕ್ಕೆ ಹೋಗುವ ಆಸೆ ಹುಟ್ಟದೆ ಇರುವುದಿಲ್ಲ. ಈ ದೇಶದ ಬೈಕಿನವರ ಕಾಶಿ ಗೋವಾ. 2013ರಿಂದ ಇಂಡಿಯಾ ಬೈಕ್ ವೀಕ್ ಬೆಳೆದದ್ದು ಅಲ್ಲಿ. ರಾಯಲ್ ಎನ್‌ಫೀಲ್ಡಿನವರ ರೈಡರ್ ಮೇನಿಯಾ 2023ರಲ್ಲಿ ಮೋಟೊವರ್ಸ್ ಎಂದು ಹೆಸರು ಬದಲಿಸಿಕೊಂಡದ್ದೂ ಅಲ್ಲಿಯ ವಾಗಾತೋರಿನಲ್ಲಿ. ಆದರೆ ಅವು ನಡೆಯುವುದು ನವೆಂಬರ್, ಡಿಸೆಂಬರಿನಲ್ಲಿ. ನಮ್ಮ ಅಡಿಕೆ ಕೊಯ್ಲೂ ಆಗಲೇ. ಬೈಕಿನ ಸ್ವಾತಂತ್ರ್ಯ, ಮುಕ್ತ ರಸ್ತೆ, ಗಾಳಿಯೊಂದಿಗೆ ಮಾತು ಎಲ್ಲ ಸರಿಯೇ, ಕೊಯ್ಲಿನವರು ಬರುತ್ತೇನೆಂದ ದಿನ ಮನೆಯಲ್ಲಿ ಇಲ್ಲದಿದ್ದರೆ ಮತ್ತೆ ಅವರು ಸಿಗುವುದು ಬರುವ ವರ್ಷ. ಹಾಗಾಗಿ ಮಂಗಳೂರಿನಲ್ಲಿ ನಡೆದ ಒಂದು ಸಣ್ಣ ಪ್ರದರ್ಶನಕ್ಕೆ ತೃಪ್ತಿಪಟ್ಟುಕೊಂಡೆವು. ಅದರ ಹೆಸರು ಬೇಡ; ಎಲ್ಲ ಪ್ರದರ್ಶನಗಳೂ ಸುಮಾರಿಗೆ ಒಂದೇ.

ಹೊರಟದ್ದು ಅಧ್ಯಕ್ಷರು, ನಾನು, ಸೊಸೈಟಿಯ ಕ್ಲರ್ಕು, ನಿವೃತ್ತ ಮೇಸ್ಟ್ರು. ಗೌಡ್ರು ಕ್ಲಬ್ಬಿನವರಲ್ಲ. ಅವರಿಗೆ ಮಂಗಳೂರಿನಲ್ಲಿ ಸ್ಪ್ರೇಯರಿನ ವಾಷರ್ ಬೇಕಿತ್ತು, ಕ್ಲರ್ಕಿನ ಹಿಂದೆ ಕೂತರು.

ಹೊಸಮಠದ ಸೇತುವೆ ದಾಟುವಾಗ ಅಧ್ಯಕ್ಷರು ತಮ್ಮ ಬೈಕು ಎಷ್ಟು ಆಳದ ನೀರಿನಲ್ಲಿ ಹೋಗಬಲ್ಲದೆಂದು ವಿವರಿಸಿದರು. ಹಳೇ ಮುಳುಗು ಸೇತುವೆ ಪ್ರತಿ ಮಳೆಗಾಲ ಹೊಳೆಯೊಳಗೆ ಹೋಗುತ್ತಿದ್ದ ಕಾಲದಲ್ಲಿ ಆ ಮಾಹಿತಿ ಉಪಯೋಗಕ್ಕೆ ಬರುತ್ತಿತ್ತು. ಆಗ ಅವರಲ್ಲಿ ಇದ್ದದ್ದು ಬಸ್ಸಿನ ಪಾಸು. ಈಗ ಎತ್ತರದ ಹೊಸ ಸೇತುವೆ ಆಗಿದೆ, ಬೈಕೂ ಬಂದಿದೆ, ನೀರು ಮಾತ್ರ ಸಿಗುತ್ತಿಲ್ಲ. ಉಪ್ಪಿನಂಗಡಿಯಿಂದ ಮುಂದೆ ಹೆದ್ದಾರಿ. ಬಿ.ಸಿ.ರೋಡಿನಿಂದ ಅಡ್ಡಹೊಳೆವರೆಗಿನ ಚತುಷ್ಪಥದ ಕೆಲಸ ನಡೆದ ಆ ದೀರ್ಘ ವರ್ಷಗಳಲ್ಲಿ ಈ ಭಾಗದ ಪ್ರತಿಯೊಬ್ಬ ಸ್ಕೂಟರ್ ಸವಾರನಿಗೂ ಸರಕಾರವೇ ಉಚಿತವಾಗಿ ಆಫ್‌ರೋಡ್ ತರಬೇತಿ ಕೊಟ್ಟಿದೆ. ನಮ್ಮ ಹೆಂಗಸರು ಆಕ್ಟಿವಾದ ಮುಂದೆ ಒಂದು, ಹಿಂದೆ ಒಂದು ಮಗು ಕೂರಿಸಿಕೊಂಡು ಆ ಧೂಳಿನಲ್ಲಿ, ಆ ಜಲ್ಲಿಯಲ್ಲಿ, ಆ ಕೆಸರಿನಲ್ಲಿ ಹೋಗಿ ಬಂದಿದ್ದಾರೆ. ಯಾರ ಮೊಣಕಾಲಿಗೂ ಗಾರ್ಡು ಇರಲಿಲ್ಲ.

ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯದೆ ಮುಂದೆ ಹೋಗುವ ಬೈಕಿನವ ಇನ್ನೂ ಹುಟ್ಟಿಲ್ಲ. ಗ್ಲಾಸಿನ ತಳದಲ್ಲಿ ಹಾಲು, ಮೇಲೆ ಡಿಕಾಕ್ಷನ್, ಒಂದಕ್ಕೊಂದು ಬೆರೆಯದೆ ನಿಂತಿರುವ ಆ ಚಹಾದ ಫೋಟೊ ತೆಗೆಯುತ್ತ ಅಧ್ಯಕ್ಷರು ಕೆಫೆ ರೇಸರಿನ ಚರಿತ್ರೆ ಹೇಳಿದರು. 1950, 60ರ ದಶಕದ ಲಂಡನ್. ಏಸ್ ಕೆಫೆ ಎಂಬ ಚಹಾ ಅಂಗಡಿ. ಟ್ರಯಂಫ್, ನಾರ್ಟನ್, ಬಿಎಸ್ಎ ಬೈಕುಗಳ ಹುಡುಗರು. ಗಂಟೆಗೆ 100 ಮೈಲಿ ಮುಟ್ಟಬೇಕೆಂಬ ಹಠ. ಪೆಟ್ಟಿಗೆಯಲ್ಲಿ ಒಂದು ಹಾಡು ಹಾಕಿ, ಹಾಡು ಮುಗಿಯುವುದರೊಳಗೆ ಇಂತಿಷ್ಟು ದೂರ ಹೋಗಿ ಬರುವ ಪಂಥವೂ ಇತ್ತೆಂದು ಕತೆ. ಭಾರ ಕಡಿಮೆಯಾಗಲೆಂದು ಬೈಕಿನಿಂದ ಬೇಡದ್ದನ್ನೆಲ್ಲ ಬಿಚ್ಚಿದರು, ಗಾಳಿಗೆ ತಲೆ ಬಗ್ಗಿಸಲೆಂದು ಹ್ಯಾಂಡಲ್ ತಗ್ಗಿಸಿದರು. ಗೌಡ್ರು ಗಮನವಿಟ್ಟು ಕೇಳಿ, “ಅವರು ಗಡಿಬಿಡಿಯಲ್ಲಿ ಹೋಗ್ಲಿಕ್ಕೆ ಬಿಚ್ಚಿದ್ದು. ನೀವು ಒಂದು ಚಾ ಕುಡಿಲಿಕ್ಕೆ ಮುಕ್ಕಾಲು ಗಂಟೆ ಮಾಡ್ತೀರಿ, ನಿಮಗೆ ಯಾಕೆ?” ಎಂದರು. ಕೆ.ಟಿ.ಯ ದುಡ್ಡು ಅವರಿಂದಲೇ ಕೊಡಿಸಲಾಯಿತು.

ಪ್ರದರ್ಶನದ ಮೈದಾನದಲ್ಲಿ ನಾವು ಕಂಡ ಮೊದಲ ದೃಶ್ಯ, ಮುಂಚಕ್ರ ಉದ್ದಕ್ಕೆ ಚಾಚಿದ ಒಂದು ಚಾಪರ್ ಬೈಕನ್ನು ಟೆಂಪೊದಿಂದ ಇಳಿಸುತ್ತಿದ್ದದ್ದು. ಆರು ಜನ ಹಲಗೆ ಇಟ್ಟು, ಹಗ್ಗ ಕಟ್ಟಿ, ಮದುಮಗಳನ್ನು ಇಳಿಸುವ ಜಾಗ್ರತೆಯಲ್ಲಿ ಇಳಿಸಿದರು. ಆಮೇಲೆ ಇನ್ನೊಂದು ಟೆಂಪೊ, ಅದರ ಹಿಂದೆ ಮತ್ತೊಂದು. ಮುಕ್ತ ರಸ್ತೆಯ ಮಹಾಕಾವ್ಯಗಳೆಲ್ಲ ಬಾಡಿಗೆ ಗಾಡಿಯಲ್ಲಿ ಮಲಗಿಕೊಂಡು ಬಂದಿದ್ದವು. ತನ್ನ ಚಕ್ರದ ಮೇಲೆ ಬಂದದ್ದು ಹೊರಗೆ ಪಾರ್ಕಿಂಗಿನಲ್ಲಿತ್ತು. ಅದನ್ನು ಯಾರೂ ನೋಡಲಿಲ್ಲ.

ಬೈಕುಗಳು ಚಂದ ಇರಲಿಲ್ಲ ಎಂದರೆ ಸುಳ್ಳಾದೀತು. ಒಂದರ ಟ್ಯಾಂಕಿನ ಮೇಲೆ ಕೂದಲೆಳೆಯ ಕುಂಚದಲ್ಲಿ ಬಿಡಿಸಿದ ಗೆರೆಗಳಿದ್ದವು. ಅದನ್ನು ಬರೆದವನ ಕೈ ನಡುಗಿದ ಗುರುತು ಎಲ್ಲಿಯೂ ಇಲ್ಲ. ಇನ್ನೊಂದರ ಸೈಲೆನ್ಸರ್ ಬಾಗಿದ ಕಡೆ, ಬೆಸುಗೆಯ ಗೆರೆ ನಾಣ್ಯಗಳನ್ನು ಒಂದರ ಮೇಲೊಂದು ಸರಿಸಿಟ್ಟಷ್ಟು ಒಪ್ಪವಾಗಿತ್ತು. ಕಡಬದ ವೆಲ್ಡಿಂಗ್ ಶಾಪಿನವರೂ ತಲೆದೂಗುವ ಕೆಲಸ. ಬೆಸುಗೆ ಹಾಕಿದವರು ಯಾರೆಂದು ಕೇಳಿದೆ. ಬೋರ್ಡಿನಲ್ಲಿ ಮಾಲಕರ ಹೆಸರಿತ್ತು, ಶಾಪಿನ ಹೆಸರಿತ್ತು, ಪೈಂಟ್ ಕಂಪೆನಿಯ ಹೆಸರಿತ್ತು. ಬೆಸುಗೆಯವನು ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆಯಲ್ಲಿ ಕ್ರೋಮ್ ಉಜ್ಜುತ್ತಿದ್ದ. ಈ ಸಂಪ್ರದಾಯ ಹಳೆಯದೇ. 1969ರ ‘ಈಸಿ ರೈಡರ್’ ಸಿನಿಮಾ ಚಾಪರನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅದರಲ್ಲಿ ಅಮೆರಿಕದ ಧ್ವಜದ ಬಣ್ಣದ ಬೈಕು ಏರಿದ ಪೀಟರ್ ಫೋಂಡಾ ಪೋಸ್ಟರುಗಳಲ್ಲಿ ಅಮರನಾದ. ಆ ಬೈಕುಗಳ ಹಿಂದೆ ದುಡಿದ ಕಪ್ಪು ಜನಾಂಗದ ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಅವರ ಹೆಸರು ಹೊರಗೆ ಬರಲು ದಶಕಗಳೇ ಹಿಡಿದವು.

ಮೂರನೆಯ ಬೈಕಿನ ಟ್ಯಾಂಕು ಪೂರ್ತಿ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದದ್ದಲ್ಲ, ಹಿಡಿಸಿದ್ದು. ಬಣ್ಣ ಕೆರೆದು, ರಾಸಾಯನಿಕ ಬಳಿದು, ಬೇಕಾದಷ್ಟು ಕೆಂಪಾದ ಮೇಲೆ ಅದರ ಮೇಲೊಂದು ಪಾರದರ್ಶಕ ಲೇಪ. ಆ ಕೆಲಸಕ್ಕೆ ಬಿದ್ದ ಖರ್ಚು ಕೇಳಿ ಕ್ಲರ್ಕಿಗೆ ಬಾಯಿ ಒಣಗಿತು. ಕೋಡಿಂಬಾಳದಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೈಕನ್ನು ಅಂಗಳದಲ್ಲಿ ನಿಲ್ಲಿಸಿದರೆ ಇದೇ ಕೆಲಸವನ್ನು ದೇವರು ಪುಕ್ಕಟೆ ಮಾಡಿಕೊಡುತ್ತಾನೆ. ಲೇಪ ಒಂದು ಬಾಕಿ, ಅದರ ಬದಲು ಪಾಚಿ.

ಮುಂದಿನ ಸ್ಟಾಲಿನ ಯುವಕ ಒಂದು ಮಡ್‌ಗಾರ್ಡನ್ನು ಕಿರುಬೆರಳಲ್ಲಿ ಎತ್ತಿ ತೋರಿಸುತ್ತಿದ್ದ. ಕಾರ್ಬನ್ ಫೈಬರ್, ಎಷ್ಟು ಹಗುರ ನೋಡಿ ಸರ್, ಇಂಡಿಯಾದಲ್ಲಿ ತುಂಬ ಅಪರೂಪ. ಗೌಡ್ರು ಅದನ್ನು ಕೈಗೆ ತೆಗೆದುಕೊಂಡು, ಉಗುರಿನಲ್ಲಿ ತಟ್ಟಿ, ಎಳೆಯ ನೇಯ್ಗೆ ನೋಡಿ, “ಹೌದು, ಅದೇ. ನಮ್ಮ ದೋಟಿಯೂ ಇದರದ್ದೇ. ಅರುವತ್ತು ಅಡಿ ಉಂಟು” ಎಂದರು. ಯುವಕನಿಗೆ ದೋಟಿ ಎಂದರೆ ಗೊತ್ತಿರಲಿಲ್ಲ. ಮರ ಹತ್ತುವವರು ಸಿಗದೆ, ನೆಲದಲ್ಲೇ ನಿಂತು ಗೊನೆ ಕೊಯ್ಯಲಿಕ್ಕೆ, ಮದ್ದು ಬಿಡಲಿಕ್ಕೆ ದಕ್ಷಿಣ ಕನ್ನಡದ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದು ವರ್ಷಗಳಾದವು. ಅವನ ಅಂಗೈಯಗಲದ ಮಡ್‌ಗಾರ್ಡು ವಿಮಾನದ ತಂತ್ರಜ್ಞಾನ, ಗೌಡ್ರ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದ ಅರುವತ್ತು ಅಡಿ ಬರೀ ಕೋಲು.

ಎಷ್ಟು ಕೊಡ್ತದೆ? ಬೈಕ್ ಪ್ರದರ್ಶನದಲ್ಲಿ ಕೇಳಬಾರದ ಪ್ರಶ್ನೆ ಇದೊಂದೇ. ಗೌಡ್ರು ಕೇಳಿಯೇ ಕೇಳಿದರು. ಒಬ್ಬರು ನಕ್ಕರು, ಒಬ್ಬರು ಮುಖ ತಿರುಗಿಸಿದರು, ಒಬ್ಬರು “ಸರ್, ಇದು ಆರ್ಟ್” ಎಂದರು. ಆರ್ಟಿಗೆ ಪೆಟ್ರೋಲ್ ಎಷ್ಟು ಹಿಡಿಯುತ್ತದೆ ಎಂಬ ಮುಂದಿನ ಪ್ರಶ್ನೆಯನ್ನು ನಾನೇ ತಡೆದೆ.

ಹಳೇ ಬೈಕುಗಳ ಮೂಲೆಯಲ್ಲಿ ಮೇಸ್ಟ್ರು ಕಳೆದುಹೋಗಿದ್ದರು. ಅವರು ಯೆಜ್ದಿ ಮತದವರು. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಮೇಸ್ಟ್ರ ಮಟ್ಟಿಗೆ ಮೋಟಾರ್ ಸೈಕಲಿನ ಚರಿತ್ರೆಯೂ ಅವತ್ತೇ ಮುಗಿದಿದೆ. ಈ ಜಾವಾ, ಯೆಜ್ದಿಯವರು ಮಡಿವಂತರು. ಒಂದು ನಟ್ಟು ಬದಲಾದರೂ ಮೈಲಿಗೆ. ಸ್ಪೀಡೊಮೀಟರಿನ ಮುಳ್ಳು ಮೂಲದ್ದಲ್ಲವೆಂದು ಗೊತ್ತಾದರೆ ಆ ಮನೆಯ ನೀರು ಮುಟ್ಟುವುದಿಲ್ಲ. ಎದುರುಗಡೆ ಚಾಪರಿನವರು, ಮೂಲದ್ದು ಒಂದು ನಟ್ಟು ಉಳಿದರೂ ನಾಚಿಕೆಪಡುವವರು. ಇಬ್ಬರೂ ಒಬ್ಬರನ್ನೊಬ್ಬರು ಕಂಡು ಕರುಣೆಯಿಂದ ನಗುತ್ತಿದ್ದರು. ಅಲ್ಲಿದ್ದ ಒಂದು ಯೆಜ್ದಿ ರೋಡ್‌ಕಿಂಗನ್ನು ಸ್ಟಾರ್ಟ್ ಮಾಡಲಿಕ್ಕೆ ಇಬ್ಬರು ಹುಡುಗರು ಕಿಕ್ಕರ್ ಹುಡುಕಿ ಸೋತಾಗ ಮೇಸ್ಟ್ರು ಮುಂದೆ ಹೋದರು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರು. ಅದೇ ಕಿಕ್ಕರ್ ಆಯಿತು. ಒಂದೇ ಒದೆತ. ಅವಳಿ ಸೈಲೆನ್ಸರಿನಿಂದ ನೀಲಿ ಹೊಗೆ ಎದ್ದು ಮೂರು ಸ್ಟಾಲುಗಳು ಕಾಣದಾದವು. ಮೇಸ್ಟ್ರ ಕಣ್ಣಲ್ಲಿ ನೀರು ಬಂತು, ಹೊಗೆಗೋ ಭಕ್ತಿಗೋ.

ಇನ್ನು ಕಾನೂನು. ನೋಡಿದ ಅರ್ಧಕ್ಕರ್ಧ ಬೈಕುಗಳಿಗೆ ಹಿಂದಿನ ಸೀಟೇ ಇರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ನಮ್ಮ ದೇಶದ ಅತ್ಯಂತ ಗೃಹಸ್ಥ ನಿಯಮಗಳಲ್ಲಿ ಒಂದು. ಬೈಕಿನಲ್ಲಿ ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿ ಬೇಕು, ಕಾಲಿಡಲು ಜಾಗ ಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧವಾದರೂ ಮುಚ್ಚಿರಬೇಕು. ಸೀರೆ ಉಟ್ಟ ಹೆಂಡತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ನಿಯಮ ಅದು. ಕಸ್ಟಮ್ ಬೈಕಿನವರು ಮೊದಲು ಕಿತ್ತೆಸೆಯುವುದೇ ಸೀರೆ ಗಾರ್ಡು, ಎರಡನೆಯದು ಹಿಂದಿನ ಸೀಟು. ಸ್ವಾತಂತ್ರ್ಯದ ಅರ್ಥ ಇದಕ್ಕಿಂತ ಬಿಡಿಸಿ ಹೇಳಲಿಕ್ಕೆ ಆಗುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪೆನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಒಂದೊಂದು ಬದಲಾವಣೆಗೆ 5,000 ರೂಪಾಯಿ, ಇಲ್ಲವೆ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಸೊಸೈಟಿಯ ಕ್ಲರ್ಕು ಅಭ್ಯಾಸಬಲದಿಂದ ಒಂದು ಚಾಪರಿನ ಎದುರು ನಿಂತು ಬಾಯಲ್ಲೇ ಲೆಕ್ಕ ಹಾಕತೊಡಗಿದರು. ಹ್ಯಾಂಡಲ್ ಐದು, ಟ್ಯಾಂಕು ಹತ್ತು, ಟಯರು ಹದಿನೈದು, ಫೋರ್ಕು ಇಪ್ಪತ್ತು, ಸೈಲೆನ್ಸರ್ ಇಪ್ಪತ್ತೈದು ಸಾವಿರ. ಮಾಲಕರು ಅದನ್ನು ಖರೀದಿಯ ವಿಚಾರಣೆ ಎಂದು ತಿಳಿದು ಕುರ್ಚಿ ತರಿಸಿದರು.

ನಮ್ಮ ಅಧ್ಯಕ್ಷರ ಸೈಲೆನ್ಸರಿನ ವಿಷಯ ಇಲ್ಲಿ ಹೇಳಬಾರದಿತ್ತು, ಆದರೂ ಹೇಳುತ್ತೇನೆ. 175 ಸಿಸಿಗಿಂತ ದೊಡ್ಡ ಬೈಕು ಮಾಡುವವರಿಗೆ ನಿಯಮ ಹಾಕಿಕೊಟ್ಟ ಶಬ್ದದ ಮಿತಿ 80 ಡೆಸಿಬಲ್. ಅಧ್ಯಕ್ಷರದ್ದು ಅದನ್ನು ಎಂದೋ ದಾಟಿದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂತಹ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಓಡಿಸಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಅವರು ಒಂದು ಡಿಬಿ ಕಿಲ್ಲರ್ ತರಿಸಿಕೊಂಡಿದ್ದಾರೆ. ಅದು ಸೈಲೆನ್ಸರಿನ ಬಾಯಿಗೆ ತುರುಕುವ ಬೆಣೆ. ಪೇಟೆಗೆ ಹೋಗುವಾಗ ಉಪ್ಪಿನಂಗಡಿಯಲ್ಲಿ ಇಳಿದು ತುರುಕುತ್ತಾರೆ, ಬರುವಾಗ ಅಲ್ಲೇ ಕೀಳುತ್ತಾರೆ. ಊರಿಗೆ ಬಂದದ್ದು ಊರಿಗೆ ಗೊತ್ತಾಗಬೇಕಲ್ಲ! ಹಟ್ಟಿಯ ದನ ಬೆದರುತ್ತದೆ ಎಂದು ಗೌಡ್ರು ದೂರಿದಾಗ, ಕಾಡಾನೆ ಓಡಿಸಲಿಕ್ಕೆ ಈ ಶಬ್ದ ಬೇಕು ಎಂದು ಅಧ್ಯಕ್ಷರು ಸಮರ್ಥಿಸಿದ್ದರು. ತೋಟಕ್ಕೆ ಆನೆ ಬಂದ ರಾತ್ರಿ ಬೈಕು ಶೆಡ್ಡಿನೊಳಗೆ ಇತ್ತು, ಅಧ್ಯಕ್ಷರು ಮನೆಯೊಳಗೆ.

ಈ ಕಾನೂನಿಗೆ ಸಿಗದ ಒಂದೇ ಒಂದು ಕಸ್ಟಮ್ ಬೈಕು ನನಗೆ ಗೊತ್ತಿರುವುದು ನಮ್ಮ ಜಿಲ್ಲೆಯದ್ದೇ. ಬಂಟ್ವಾಳ ತಾಲೂಕು ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ ಅಡಿಕೆ ಮರ ಹತ್ತುವ ಬೈಕು. ಎಂಜಿನ್ ಉಂಟು, ಸೀಟು ಉಂಟು, ಹ್ಯಾಂಡಲ್ ಉಂಟು, ಬ್ರೇಕ್ ಉಂಟು, ಸೊಂಟಕ್ಕೆ ಬೆಲ್ಟೂ ಉಂಟು. ಕೂತು ಎಕ್ಸಲೇಟರ್ ಕೊಟ್ಟರೆ ಅರ್ಧ ನಿಮಿಷದಲ್ಲಿ ತುದಿ. 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಸುತ್ತಿ, ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಮೆಚ್ಚಿ ಹಂಚಿಕೊಂಡಿದ್ದರು. ಒಂದು ಲೀಟರಿಗೆ ಸುಮಾರು 80 ಮರ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಐವತ್ತು ಅಡಿಯ ಮರ ಹತ್ತಿ ಇಳಿಯುವ ಲೆಕ್ಕ ಹಿಡಿದರೆ ಮೈಲೇಜು ಲೀಟರಿಗೆ ಎರಡೂವರೆ ಕಿಲೋಮೀಟರಿಗಿಂತ ಕಡಿಮೆ. ಆದರೂ ಯಾರೂ ತಕರಾರು ಮಾಡಲಿಲ್ಲ. ಕಾಯ್ದೆಯ ಪ್ರಕಾರ ಮೋಟಾರು ವಾಹನವೆಂದರೆ ರಸ್ತೆಯಲ್ಲಿ ಓಡಿಸಲು ತಕ್ಕದ್ದು. ಅಡಿಕೆ ಮರ, ನಮ್ಮ ಮಾತಿನಲ್ಲಿ ಕಂಗು, ರಸ್ತೆಯೆಂದು ಇನ್ನೂ ಯಾವ ಕೋರ್ಟೂ ಹೇಳಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೆ ಜನ ಸಿಗದ ಸಂಕಟದಿಂದ ಹುಟ್ಟಿದ ಯಂತ್ರ ಅದು. ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನಲ್ಲಿ 2023ರ ಫೆಬ್ರವರಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಮುಂದೆ ನಿಂತು ನಡೆಸಿದ ಕೃಷಿ ಯಂತ್ರ ಮೇಳದಲ್ಲಿ ಜನ ನೆರೆದದ್ದು ಇಂತಹ ಸಂಕಟಗಳಿಗೆ ಉತ್ತರ ಹುಡುಕಿಕೊಂಡು. ಅಲ್ಲಿ ಎಷ್ಟು ಹೊರ್ತದೆ, ಎಷ್ಟು ಕುಡಿತದೆ, ಹಾಳಾದ್ರೆ ಯಾರು ರಿಪೇರಿ ಮಾಡ್ತಾರೆ ಎಂದು ಕೇಳಿದರೆ ಯಾರೂ ಮುಖ ತಿರುಗಿಸುವುದಿಲ್ಲ.

ಸಂಜೆ ಬಹುಮಾನ. ಅತ್ಯುತ್ತಮ ಚಾಪರ್, ಅತ್ಯುತ್ತಮ ಬಾಬರ್, ಅತ್ಯುತ್ತಮ ಪೈಂಟ್. ಅತಿ ದೂರದಿಂದ ಬಂದ ಬೈಕಿನ ಬಹುಮಾನ ಟೆಂಪೊದಲ್ಲಿ ಬಂದದ್ದಕ್ಕೇ ಹೋಯಿತು. ಟೆಂಪೊ ಡ್ರೈವರ್ ಕೂಡ ಚಪ್ಪಾಳೆ ತಟ್ಟಿದ. ಹೊರಡುವಾಗ ಬಾಗಿಲಲ್ಲಿ ಕೂತಿದ್ದ ಹುಡುಗ ಬರುವ ವರ್ಷಕ್ಕೆ ನಿಮ್ಮ ಕಡೆಯಿಂದ ಎಂಟ್ರಿ ಇದ್ದರೆ ಈಗಲೇ ಬರೆಸಿ ಎಂದ. ಅಧ್ಯಕ್ಷರು ಜಾಕೀಟಿನ ಜಿಪ್ ಸರಿಮಾಡಿಕೊಳ್ಳುವಷ್ಟರಲ್ಲಿ ಗೌಡ್ರು ಮೇಜಿನ ಎದುರು ನಿಂತಾಗಿತ್ತು.

“ಮರ ಹತ್ತುವ ಬೈಕು ತರ್ಬಹುದಾ?”

“ಯಾವ ಕೆಟಗರಿ ಸರ್? ಚಾಪರ್? ಸ್ಕ್ರ್ಯಾಂಬ್ಲರ್?”

“ಕಂಗು.”

ಹುಡುಗ ಅದನ್ನು ಜಪಾನಿನ ಕಂಪೆನಿ ಎಂದುಕೊಂಡನೋ ಏನೋ, ಬರೆದುಕೊಂಡ. “ಟಾಪ್ ಸ್ಪೀಡ್?”

“ಮರ ಮುಗಿಯುವವರೆಗೆ.”

“ಗ್ರೌಂಡ್ ಕ್ಲಿಯರೆನ್ಸ್?”

“ಐವತ್ತು ಅಡಿ.”

ಅದನ್ನೂ ಬರೆದ. “ಸ್ಟೇಜಿನಲ್ಲಿ ಒಂದು ಡೆಮೊ ಕೊಡ್ಬೇಕಾಗ್ತದೆ ಸರ್.” ಗೌಡ್ರು ಸ್ಟೇಜಿನ ಪಕ್ಕ ಅಲಂಕಾರಕ್ಕೆ ನಿಲ್ಲಿಸಿದ್ದ ಪ್ಲಾಸ್ಟಿಕ್ಕಿನ ತಾಳೆಮರದ ಬಳಿಗೆ ಹೋಗಿ, ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ವಾಪಸು ಬಂದರು.

“ಇದು ತಡೆಯುದಿಲ್ಲ. ಬರುವಾಗ ನಮ್ಮ ಮರವನ್ನೂ ತರ್ಬೇಕಾ?”

“ತನ್ನಿ ಸರ್. ಆದ್ರೆ ಟೆಂಪೊ ಬಾಡಿಗೆ ನಿಮ್ದೇ.”